ಇರುವೆ ಮೂಸಿದ ಡಿಫರೆನ್ಶಿಯಲ್

ನನ್ನ ಸ್ಕ್ರೂಡ್ರೈವರಿನ ಮೇಲೆ ಈಗಷ್ಟೇ ಒಂದು ಇರುವೆ ಹತ್ತಿತು. ನೀವಾಗಿದ್ದರೆ ಊದಿಬಿಡುತ್ತಿದ್ದಿರಿ. ನಾನು ಎದ್ದು ಕೈ ಮುಗಿಯದಿದ್ದುದೇ ಹೆಚ್ಚು. ಇರುವೆ ಎಂದರೆ ನನಗೆ ಅಷ್ಟು ಗೌರವ, ಅಷ್ಟೇ ಹೆದರಿಕೆ.

ಮೇಜಿನ ಮೇಲೆ ಬಿಚ್ಚಿ ಹಾಕಿರುವುದು ರಿಮೋಟಿನಲ್ಲಿ ಓಡುವ ನನ್ನ ಪುಟ್ಟ ರೇಸ್ ಕಾರಿನ ಹಿಂದಿನ ಡಿಫರೆನ್ಶಿಯಲ್, ನಿಂಬೆಹಣ್ಣಿನಷ್ಟು ದಪ್ಪ. ಇದನ್ನು ಆಟಿಕೆ ಎಂದವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ಹೀಗಾಗಿ ಬೈಲಹೊಂಗಲದಲ್ಲಿ ನನ್ನ ಜೊತೆ ಮಾತಾಡುವವರು ಕಡಿಮೆ. ಹೊಲದ ಕೊನೆಯಲ್ಲಿ ರಂಟೆ ತಿರುಗಿಸುವುದನ್ನು ನೋಡಿದ್ದೀರಲ್ಲ? ಒಳಗಿನ ಎತ್ತು ಇದ್ದಲ್ಲೇ ಕಾಲು ಕುಣಿಸುತ್ತದೆ, ಹೊರಗಿನದು ದೊಡ್ಡ ಸುತ್ತು ಹಾಕುತ್ತದೆ. ಕಾರಿನ ಎರಡು ಗಾಲಿಗಳಿಗೆ ಆ ಹೊಂದಾಣಿಕೆ ಕಲಿಸುವುದೇ ಡಿಫ್. ಅದರೊಳಗಿನ ಪುಟ್ಟ ಹಲ್ಲುಗಾಲಿಗಳು ಸಿಲಿಕಾನ್ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಮಂದವಾದಷ್ಟೂ ಎರಡೂ ಗಾಲಿ ಒಂದನ್ನೊಂದು ಬಿಡದೆ ಓಡುತ್ತವೆ, ತೆಳುವಾದಷ್ಟೂ ತಮ್ಮ ತಮ್ಮ ಪಾಡಿಗೆ ತಿರುಗುತ್ತವೆ. ಎಷ್ಟು ಮಂದ, ಎಷ್ಟು ತೆಳು ಎಂದು ಕಂಡುಕೊಳ್ಳುವುದೇ ಟ್ಯೂನಿಂಗ್. ಇಷ್ಟು ಗೊತ್ತಾಯಿತೆಂದರೆ ನೀವು ಈ ಚಟ ಹತ್ತಿದ ಹೊಸದರಲ್ಲಿದ್ದ ನನಗಿಂತ ಬುದ್ಧಿವಂತರು.

ಆಗ ಕಾರು ಓಡಿಸಲು ನನಗಿದ್ದ ಸಪಾಟು ನೆಲ ಒಂದೇ: ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಸೋದರಮಾವನ ಗೋದಾಮಿನ ಹಿಂದಿನ ಸಿಮೆಂಟಿನ ಕಣ. ಭಾನುವಾರ ಅದು ಖಾಲಿ. ಮಾಮಾನಿಗೆ ಎತ್ತಿನ ಪಾಠವನ್ನೆಲ್ಲ ಒಪ್ಪಿಸಿ, ಪ್ರತಿ ವಾರ ನನಗೇ ಬಿಟ್ಟುಕೊಡಿ ಎಂದು ಗಂಟುಬಿದ್ದೆ.

"ನಾ ಐತವಾರನೂ ಕಾಯಿ ಒಣಾ ಹಾಕಾಂವ ಅದೇನಿ, ಅಳಿಯಾ," ಎಂದರು ಮಾಮಾ. "ಬ್ಯಾಡಂದ್ರ ಒಂದ ಶರ್ತ. ನಾಳೆ ಮುಂಜಾನೆ ನಿನ್ನ ಗಾಡಿ ಮೆಣಸಿನಕಾಯಿ ರಾಶಿಗೆ ತಾಗಲಾರದಂಗ ಒಂದ ಸುತ್ತ ಹಾಕಲಿ, ಕಣ ನಿಂದು. ತಾಗ್ತಂದ್ರ ಗಾಡಿ ಕಟ್ಟಿ ಅಟ್ಟಕ್ಕ ಹಾಕು."

ನನ್ನ ಕಾರಿಗೋ ತಿರುವಿನಲ್ಲಿ ಹಿಂಭಾಗ ಜಾರಿ ಗಿರ್ರನೆ ಸುತ್ತುವ ಚಟ. ಹಿಂದಿನ ಗಾಲಿಗಳನ್ನು ಬಿಗಿಯಾಗಿ ಹಿಡಿಸಿದರೆ ಸರಿಹೋದೀತೆಂದು ನನ್ನ ತಲೆ ಹೇಳಿತು. ಸವದತ್ತಿಯ ಗೆಳೆಯ ಸುನೀಲ ಮರುದಿನ ಬೆಳಗಿನ ಬಸ್ಸಿಗೆ ಎಣ್ಣೆಯ ಬಾಟಲಿಗಳೊಂದಿಗೆ ಬರುವವನಿದ್ದ. ಆದರೆ ತಾಳ್ಮೆ ಎಂಬುದನ್ನು ನಾನು ಬೇರೆಯವರಲ್ಲಿ ಮಾತ್ರ ನೋಡಿದ್ದೆ. ಆ ಸಂಜೆ ಮಾಮಿ ನನ್ನ ಚಪಾತಿಗೆ ಜೋನಿ ಬೆಲ್ಲ ಹಾಕುತ್ತಿದ್ದರು. ಚಮಚದಿಂದ ಬಂಗಾರದ ಎಳೆಯೊಂದು ಅವಸರವೇ ಇಲ್ಲದೆ ಇಳಿಯಿತು. ಮೈ ಜುಮ್ಮೆಂದಿತು. ಮಂದ ಎಂದರೆ ಇದು! ಚಪಾತಿ ಬಿಟ್ಟು ಎದ್ದೆ, ಡಿಫ್ ತುಂಬ ಬೆಲ್ಲ ತುಂಬಿ ಮುಚ್ಚಳ ಬಿಗಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಹೋಗಿ ಭುಜ ಉಳುಕಿತು.

ಬೆಳಗ್ಗೆ ಕಣಕ್ಕೆ ಬಂದು ಕಾರು ಇಳಿಸಿದರೆ ಅದರ ಹೊಟ್ಟೆಯ ಕೆಳಗೆ ಇರುವೆಗಳ ದೊಡ್ಡ ಮೆರವಣಿಗೆ. ಸುನೀಲ ಬಂದವನೇ ಬಗ್ಗಿ ನೋಡಿದ.

"ಏನ್ ಹಾಕೀಯಲೇ ಇದರಾಗ?"

"ಫಾರಿನ್ ಎಣ್ಣಿ."

"ಫಾರಿನ್ ಎಣ್ಣಿಗೆ ಬೈಲಹೊಂಗಲದ ಇರಬಿ ಯಾಕ ಮುತ್ತತಾವಲೇ?"

ಅಷ್ಟರಲ್ಲಿ ಮಾಮಾ ಕೆಂಪು ರಾಶಿಯ ಪಕ್ಕ ನಿಂತು ಕೈ ಎತ್ತಿದ್ದರು. ಘಾಟಿಗೆ ಒಂದು ಸೀನು ಸೀನಿ ಕೈ ಇಳಿಸಿದರು. ಕಾರು ಬಿಟ್ಟೆ.

ನೇರ ದಾರಿಯಲ್ಲಿ ಬಾಣ! ತಿರುವು ಬಂತು, ರಿಮೋಟಿನ ಚಕ್ರ ತಿರುಗಿಸಿದೆ. ಬೆಳಗಿನ ತಂಪಿಗೆ ಗಟ್ಟಿಯಾಗಿದ್ದ ಬೆಲ್ಲ ಹಿಂದಿನ ಗಾಲಿಗಳೆರಡನ್ನೂ ಬೆಸುಗೆ ಹಾಕಿದಂತೆ ಹಿಡಿದಿತ್ತು. ಕಾರು ತಿರುಗಲೇ ಇಲ್ಲ, ನೆಟ್ಟಗೆ ರಾಶಿಯೊಳಗೆ ಹೊಕ್ಕಿತು. ಎದ್ದ ಕೆಂಪು ಧೂಳಿಗೆ ಅಕ್ಕಪಕ್ಕದ ಓಣಿಗಳೆಲ್ಲ ಕೆಮ್ಮಿದವು.

"ಎರಡೂ ಎತ್ತು ಜೋಡೀಲೇ ಮೆಣಸಿನಕಾಯಿ ಮೇಯಾಕ ಹೊಂಟ್ವಲ್ಲೋ ಅಳಿಯಾ!" ಮಾಮಾ ಕಣ್ಣೊರೆಸಿಕೊಂಡರು. "ಆತು. ಕಣ ಹೋತು."

ನನ್ನ ಮುಂದಿನ ಭಾನುವಾರಗಳೆಲ್ಲ ಕಣ್ಣೆದುರೇ ಸಾಲಾಗಿ ಒಣಗತೊಡಗಿದವು. ಆಗ ಹಿತ್ತಿಲ ಬಾಗಿಲಿನಿಂದ ಮಾಮಿಯ ದನಿ ಬಂತು.

"ಹ್ಯಾಂಗ ಹೋಗ್ತೈತ್ರಿ? ಒಂಟಿ ಸೀನ ಬಂತಂದ್ರ ನೀವು ಸಂತಿಗೆ ಹೊಂಟಾವ್ರು ತಿರುಗಿ ಬಂದು ಕುಂದರ್ತೀರಿ, ನೀರ ಕುಡದ ಹೋಗ್ತೀರಿ. ಈಗ ನೀವ ಸೀನಿ, ನೀವ ಕೈ ಇಳಿಸಿ, ಹುಡುಗನ ಗಾಡಿ ಲೆಕ್ಕಕ್ಕ ಹಿಡೀತೀರಿ?"

ಒಂಟಿ ಸೀನಿಗೆ ಮಾಲು ತುಂಬಿದ ಲಾರಿಯನ್ನೇ ನಿಲ್ಲಿಸುವ ಮನುಷ್ಯ ನನ್ನ ಮಾಮಾ. ಹೋಗಿ ಕಟ್ಟೆಯ ಮೇಲೆ ಕೂತರು. "ನೀರ ತಾ," ಎಂದರು. "ಕುಡದ ಮ್ಯಾಲೆ ಇನ್ನೊಂದ ಸಲ ನೋಡೂಣು."

ಅವರು ನೀರು ಕುಡಿಯುವುದರೊಳಗೆ ನಾವು ಡಿಫ್ ಬಿಚ್ಚಿ ಮಾಮಿ ಕೊಟ್ಟ ಬಿಸಿನೀರಿನಲ್ಲಿ ಅದ್ದಿದೆವು. ಪಾನಕ ಹರಿಯಿತು. "ಅಯ್ಯ ನನ್ನ ಬೆಲ್ಲ!" ಎಂದರು ಮಾಮಿ. ಸುನೀಲ ನಕ್ಕು ನಕ್ಕು ನೆಲಕ್ಕೆ ಕೂತ.

"ಲೇ ಶಾಣ್ಯಾ, ಧೂಳ ನೆಲದಾಗ ಹಿಂದ ತೆಳು ಎಣ್ಣಿ ಬೇಕು. ನೀ ಬಿಗಿ ಹಿಡದಷ್ಟೂ ಅದು ಜಾರತೈತಿ."

ನಾನು ಯೋಚಿಸಿದ್ದಕ್ಕೆ ಪೂರ್ತಿ ಉಲ್ಟಾ! ಒರೆಸಿ, ಒಣಗಿಸಿ, ತೆಳು ಎಣ್ಣೆ ತುಂಬಿದೆವು. ಗಾಳಿಯ ಗುಳ್ಳೆಗಳೆಲ್ಲ ಮೇಲೆ ಬರುವವರೆಗೂ ಸುನೀಲ ನನ್ನ ಕೈ ಹಿಡಿದು ಕೂರಿಸಿದ. ಆಮೇಲೆ ಒಂದು ಗಾಲಿ ಹಿಡಿದು ಇನ್ನೊಂದನ್ನು ತಿರುಗಿಸಿದೆ. ಬೆರಳಿಗೆ ತಗುಲಿದ ಆ ನುಣುಪು, ಆ ಸಣ್ಣ ತಡೆ, ಆಹಾ!

ಈ ಸಲ ಮಾಮಾ ಮೂಗು ಹಿಡಿದುಕೊಂಡೇ ಕೈ ಇಳಿಸಿದರು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಕೊನೆಯದರಲ್ಲಿ ಹಿಂಭಾಗ ಸ್ವಲ್ಪ ಅಲುಗಿತು. ಒಳಗಾಲಿ ತಡೆಯಿತು, ಹೊರಗಾಲಿ ಓಡಿತು, ಕಾರು ಒಂದು ಕಾಯಿಯ ತೊಟ್ಟನ್ನೂ ಮುಟ್ಟದೆ ಸುತ್ತಿ ಬಂತು! ನಾನು ಕುಣಿದೆ. ಕುಣಿಯುತ್ತ ಕುಣಿಯುತ್ತ ಹಿಂದೆ ಸರಿದು ರಾಶಿಯ ಮೇಲೆ ನಾನೇ ಕೂತೆ.

ಮಾಮಾ ಬಗ್ಗಿ ಕಾರಿನ ಗಾಲಿಗಳನ್ನು ನೋಡಿದರು. "ಗಾಡಿ ತಾಗಿಲ್ಲ. ಓಡಸಾಂವ ತಾಗಬಾರದಂತ ಶರ್ತದಾಗ ಇರಲಿಲ್ಲ. ಕಣ ನಿಂದು. ಈಗ ಲಗೂನ ಜಳಕಾ ಮಾಡ ಹೋಗು, ಇಲ್ಲಂದ್ರ ವಾರಗಟ್ಲೆ ನಿಂತಽ ಉಣ್ಣಬೇಕಾಕ್ಕೈತಿ."

ಅಗೋ, ಇರುವೆ ಸ್ಕ್ರೂಡ್ರೈವರಿನಿಂದ ಇಳಿದು ಡಿಫ್‌ನ ಅಂಚಿಗೆ ಬಂತು. ಮೀಸೆ ಆಡಿಸಿತು. ನಾನು ಉಸಿರು ಬಿಗಿಹಿಡಿದೆ. ಮೂಸಿ ನೋಡಿ, ರುಚಿ ಕಾಣದೆ, ತನ್ನ ದಾರಿ ಹಿಡಿಯಿತು. ಪಾಸ್!

ಮುಚ್ಚಳ ಬಿಗಿಯುವಾಗಲೇ ಮಾಮಾನ ಫೋನು. "ಎಲ್ಲಿ ಅದೀಯೋ ಅಳಿಯಾ? ಕಣ ಗುಡಿಸೇನಿ, ನನ್ನ ರಿಮೋಟ್ ಗಾಡೀನೂ ಚಾರ್ಜ್ ಆಗೇತಿ. ಇವತ್ತ ನಿನ್ನ ಸೋಲಸೂದಽ!"

ಬಾಗಿಲವರೆಗೆ ಓಡಿದೆ. ಅಷ್ಟರಲ್ಲಿ ನನಗೊಂದು ಸೀನು ಬಂತು, ಒಂದೇ ಒಂದು. ವಾಪಸು ಬಂದು ಕೂತಿದ್ದೇನೆ. ನೀರು ಕುಡಿದೇ ಹೊರಡುತ್ತೇನೆ.