ಮಾವ ಗೀಟೆಳೆದ ಲೆಕ್ಕಗಳು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಗಣಿತದ ಒಂದು ಪತ್ರಿಕೆಯಲ್ಲಿ ಫೇಲಾಗಿದ್ದೆ. ಮತ್ತೆ ಪರೀಕ್ಷೆ ಕಟ್ಟಲು ಅವ್ವ ಒಪ್ಪಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯ ತೀರ್ಮಾನವೆಲ್ಲ ಅವಳದೇ. ಒಪ್ಪದಿದ್ದರೆ ಓದು ಅಲ್ಲಿಗೆ ಮುಗಿದು ಹರಿಹರದ ಮಾವನೊಂದಿಗೆ ಮದುವೆ. ಮಾವ ಅಂದರೆ ಅವ್ವನ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿ ಇಟ್ಟಿದ್ದರಂತೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಆ ಪತ್ರಿಕೆಯ ಡಿಫರೆನ್ಷಿಯಲ್ ಈಕ್ವೇಷನ್ ಲೆಕ್ಕ ಹೇಳಿಕೊಡಲು ಅವ್ವ ಗೊತ್ತುಮಾಡಿದ್ದೂ ಅವನನ್ನೇ. ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಭಾನುವಾರ ಅವ್ವ, ನಾನು ಬಸ್ಸಿನಲ್ಲಿ ಹರಿಹರಕ್ಕೆ ಅವನ ಮನೆಗೆ ಹೋಗುತ್ತಿದ್ದೆವು. ಚಾಪೆಯ ಒಂದು ತುದಿಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತ ಕೂತರೆ, ಇನ್ನೊಂದು ತುದಿಯಲ್ಲಿ ಅವನು ನನ್ನ ಲೆಕ್ಕ ನೋಡುತ್ತಿದ್ದ. ನೋಡುತ್ತಿದ್ದ ಅನ್ನುವುದು ದೊಡ್ಡ ಮಾತು. ಪುಸ್ತಕದ ಹಿಂದಿನ ಉತ್ತರ ತೆಗೆದು, ನನ್ನದು ಅದರ ಹಾಗೆ ಕಾಣದಿದ್ದರೆ ಅಡ್ಡ ಗೀಟು ಎಳೆಯುತ್ತಿದ್ದ. ಎಲ್ಲಿ ತಪ್ಪಿದೆ ಎಂದು ಕೇಳಿದರೆ, ಡಿಗ್ರಿ ಓದುವವರಿಗೆ ಡಿಪ್ಲೊಮಾದವರು ಏನು ಹೇಳುವುದು ಅಂತ ನಗುತ್ತಿದ್ದ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ಭಾನುವಾರ ನಾನು ಮಾಡಿಕೊಂಡು ಹೋಗಿದ್ದ ಎಲ್ಲ ಲೆಕ್ಕಕ್ಕೂ ಗೀಟು ಬಿತ್ತು. ಅವನು ಅವ್ವನ ಕಡೆ ತಿರುಗಿ, "ಅಕ್ಕ, ಇದು ಇವಳ ತಲೆಗೆ ಹತ್ತಂಗಿಲ್ಲ. ಪರೀಕ್ಷೆ ಕಟ್ಟಿಸಬ್ಯಾಡ" ಅಂದ. ಅವ್ವ ಹೂಂಗುಟ್ಟಿದಳು.

ಮನೆಗೆ ಬಂದು ಸಿಟ್ಟಿನಲ್ಲೇ ಮೊದಲ ಲೆಕ್ಕ ಮತ್ತೆ ಮಾಡಿದೆ. ಅದೇ ಉತ್ತರ. ನನ್ನದರಲ್ಲಿ ಟ್ಯಾನ್ ಇನ್ವರ್ಸ್ ಇತ್ತು, ಪುಸ್ತಕದ್ದರಲ್ಲಿ ಅದರ ಸುಳಿವೇ ಇರಲಿಲ್ಲ. ಎರಡೂ ಬದಿಗೆ ಟ್ಯಾನ್ ಹಾಕಿ ಬಿಡಿಸಿದಾಗ ಪುಸ್ತಕದ ಉತ್ತರವೇ ಬಂತು. ಒಂದೇ ಉತ್ತರ, ರೂಪ ಬೇರೆ. ಉಳಿದವನ್ನೂ ಹಾಗೇ ಬಿಡಿಸಿ ನೋಡಿದರೆ, ಗೀಟು ಬಿದ್ದವುಗಳಲ್ಲಿ ನಿಜವಾಗಿ ತಪ್ಪಿದ್ದು ಒಂದೇ.

ಮುಂದಿನ ವಾರ ಅದನ್ನು ಅವನ ಮುಂದಿಟ್ಟೆ. ಬುಕ್ಕಿನಲ್ಲಿ ಹಾಗಿಲ್ಲವಲ್ಲ ಅಂತ ಹಾಳೆ ತಳ್ಳಿದ. ಅವ್ವ ಸುಲಿಯುವುದನ್ನು ನಿಲ್ಲಿಸಿದಳು.

"ಎರಡೂ ಒಂದೇನಾ, ಬ್ಯಾರೆನಾ? ಅಷ್ಟು ಹೇಳು."

"ಒಂದೇ ಅಕ್ಕ, ಆದ್ರೆ..."

"ಮತ್ತ ಗೀಟು ಯಾಕ ಎಳದಿ?"

"ನಿನಗ ಇದೆಲ್ಲ ತಿಳಿಯಂಗಿಲ್ಲ, ಬಿಡು."

"ಲೆಕ್ಕ ತಿಳಿಯಂಗಿಲ್ಲ. ನಿನ್ನ ಬಲ್ಲೆ."

ಈ ಕೊನೆಯ ಮಾತನ್ನು ಅವ್ವ ನಿಜಕ್ಕೂ ಆಡಿದಳೇ? ಅಷ್ಟು ಅಚ್ಚುಕಟ್ಟಾಗಿ ಮಾತಾಡುವವಳಲ್ಲ ಅವಳು. ಅವಳ ಬಾಯಲ್ಲಿ ನಾನೇ ಇಟ್ಟಿರಬಹುದು. ಎರಡೂ ಒಂದೇ ಅಂತ ಅವನಿಗೆ ಗೀಟು ಎಳೆದಾಗಲೇ ಗೊತ್ತಿತ್ತೋ, ನಾನು ತೋರಿಸಿದಾಗ ಗೊತ್ತಾಯಿತೋ, ಅದನ್ನೂ ಹೇಳಲಾರೆ. ಗೊತ್ತಿರದಿದ್ದರೆ ಅವನು ಬರೀ ದಡ್ಡ. ಅಷ್ಟಕ್ಕೇ ಅವನನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಅವತ್ತು ಊಟಕ್ಕೂ ನಿಲ್ಲದೆ ಹೊರಟೆವು. ಬಸ್ಸಿನಲ್ಲಿ ಅವ್ವ ನನ್ನ ಕಡೆ ತಿರುಗದೆಯೇ, "ಪರೀಕ್ಷೆ ಕಟ್ಟು. ಅವನ ಮಾತು ಇನ್ನ ಎತ್ತಬ್ಯಾಡ" ಅಂದಳು. ಮದುವೆಯ ಮಾತೂ ಅದರಲ್ಲಿ ಸೇರಿತ್ತು ಅಂತ ನನಗೆ ಗೊತ್ತಾಯಿತು, ಆದರೂ ಕೇಳಿ ಖಚಿತಮಾಡಿಕೊಳ್ಳಲಿಲ್ಲ.

ಆ ಸಲ ಪಾಸಾದೆ. ಎಷ್ಟೋ ಕಾಲದ ಮೇಲೆ ಮಾವ ಮನೆಗೆ ಬಂದ. ನೀರು ಕೊಡು ಅಂತ ಅವ್ವ ಎರಡು ಸಲ ಕೂಗಿದಳು. ಒಳಗೇ ಇದ್ದ ನಾನು ಏಳಲಿಲ್ಲ.