ಮಂಗಳವಾರ ಬಂದ ಲಾರಿ

ಮುಂಬೈ ಬಿಟ್ಟು ಸಾಗರಕ್ಕೆ ಬರುವಾಗ ಗಂಟುಮೂಟೆಗಿಂತ ಹೆಚ್ಚು ನನ್ನನ್ನು ಸುಸ್ತು ಮಾಡಿದವರು, ನಮಗೆ ಮಹಡಿ ಮನೆ ಬಾಡಿಗೆಗೆ ಕೊಟ್ಟ ಓನರಮ್ಮ. ಲಾರಿಯವರು ಹೇಳಿದ ದಿನವನ್ನು ಫೋನಿನಲ್ಲಿ ತಿಳಿಸಿದರೆ ಸಾಕು, ಆ ಕಡೆ ಕ್ಯಾಲೆಂಡರಿನ ಹಾಳೆ ಸರಸರ ಮಗುಚುವುದು ಕೇಳಿಸುತ್ತಿತ್ತು.

"ಅವತ್ತು ಬೇಡ. ಎಂತ ಅರ್ಜೆಂಟು ಮಾರಾಯ್ತಿ?"

ಅರ್ಜೆಂಟು ಇತ್ತು, ನಮ್ಮ ಫ್ಲ್ಯಾಟಿಗೆ ಬೇರೆಯವರು ಬರುವವರಿದ್ದರು. ಅಂತೂ ಒಂದು ಸೋಮವಾರಕ್ಕೆ ಒಪ್ಪಿದರು.

ಲಾರಿ ದಾರಿಯಲ್ಲಿ ಕೆಟ್ಟು ಮಂಗಳವಾರ ಬಂತು. ಓನರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮೆಟ್ಟಿಲಿಗೆ ಅಡ್ಡ ನಿಂತರು. "ಮಂಗಳವಾರ ಹೊಸ ಮನೆಗೆ ಒಲೆ ಹೋಗೋ ಹಾಗಿಲ್ಲ."

"ಹಂಗಾದ್ರೆ ರಸ್ತೆ ಮೇಲೆ ಇಳಿಸಿ ಹೋಗ್ತೀನಿ," ಎಂದ ಡ್ರೈವರ್.

ನನಗೆ ಅಳುವೇ ಬಂತು. "ಅಮ್ಮಾ, ನಾನೇನು ಮಾಡ್ಲಿ ಹೇಳಿ?"

ಅವರು ನನ್ನ ಮುಖ ನೋಡಿ, ತಮ್ಮ ಮನೆಯ ಬಾಗಿಲನ್ನೇ ಅಗಲಕ್ಕೆ ತೆರೆದರು. "ನಮ್ಮನೆ ಎಂತ ಹೊಸತಾ? ಇಲ್ಲಿ ಇಳ್ಸಿ. ನಾಳೆ ಮೇಲೆ ಹತ್ತಿಸಿದ್ರಾಯ್ತು."

ಸಂಜೆ ಹೊತ್ತಿಗೆ ಅವರ ದೇವರ ಕೋಣೆಗೆ ಹೋಗಲು ನಮ್ಮ ಸೋಫಾ ಹತ್ತಿ ಇಳಿಯಬೇಕಿತ್ತು. ದೀಪ ಹಚ್ಚಲು ಹೊರಟ ಓನರಮ್ಮ ಸೀರೆ ಎತ್ತಿ ಹಿಡಿದು, ಸೋಫಾದ ಮೇಲೆ ನಿಂತೇ ನನ್ನತ್ತ ತಿರುಗಿ ಸಿಡುಕಿದರು: "ಅಲ್ಲಾ, ಮುಂಬೈಲಿ ಏನಾದ್ರೂ ಬಿಟ್ಟು ಬಂದ್ರಾ, ಇಲ್ವಾ?"