ಎರಡು ಹಗ್ಗ, ಎರಡು ಕಂಬ

ಸಹೃದಯ ವಾಚಕ ಮಹಾಶಯರೇ, ಎತ್ತರದ ಕಟ್ಟಡಗಳ ಹೊಸ ಬಣ್ಣವನ್ನು ಕತ್ತೆತ್ತಿ ಮೆಚ್ಚುವ ತಾವು, ಅದನ್ನು ಬಳಿದವನ ಹಗ್ಗದ ಮೇಲಿನ ತುದಿಯಲ್ಲಿ ಯಾರಿದ್ದರೆಂದು ವಿಚಾರಿಸಿರಲಾರಿರಿ. ಅವರೊಬ್ಬರನ್ನು ಪರಿಚಯಿಸಲು ಅಪ್ಪಣೆಯಾಗಲಿ.

ಬೆಳಗಿನ ಆರು ಗಂಟೆ. ಪಟ್ಟಂದೂರು ಅಗ್ರಹಾರದ ಹದಿನಾಲ್ಕು ಮಹಡಿಯ ವಸತಿ ಸಮುಚ್ಚಯವೊಂದರ ತಾರಸಿಯಲ್ಲಿ ಚನ್ನಕ್ಕ ಮಂಡಿಯೂರಿ, ಹಗ್ಗವನ್ನು ಮೊಳಮೊಳವಾಗಿ ಅಂಗೈಯಲ್ಲಿ ಹಾಯಿಸುತ್ತಿದ್ದಾರೆ. ಒಣಗಿದ ಬಣ್ಣದಡಿ ಎಳೆ ಹರಿದಿದ್ದರೆ ಕಣ್ಣಿಗೆ ಕಾಣದು, ಚರ್ಮಕ್ಕೆ ಚುಚ್ಚುತ್ತದೆ. ಗೋಡೆಗಿಳಿಯುವ ಪ್ರತಿ ಪೇಂಟರಿಗೂ ಎರಡು ಹಗ್ಗ: ಒಂದು ಕೂರುವ ಹಲಗೆಗೆ, ಇನ್ನೊಂದು ಸೊಂಟದ ಪಟ್ಟಿಗೆ. ದಿನಕ್ಕೆ ಆರು ಮಂದಿ, ಹನ್ನೆರಡು ಗಂಟು. ಸಂಜೆಯವರೆಗೂ ಚನ್ನಕ್ಕನದೇ ಕಾವಲು.

“ನಮ್ಮತ್ತೆಗೂ ಇಷ್ಟು ಅನುಮಾನ ಇಲ್ಲ ಅಕ್ಕ,” ಎನ್ನುತ್ತ ಪೇಂಟರ್ ಮುತ್ತು ಬೀಡಿ ಆರಿಸುತ್ತಾನೆ.

“ನಿಮ್ಮತ್ತೆ ನಿನ್ನ ಕೆಳಕ್ಕಿಳ್ಸಲ್ವಲ್ಲ. ಪಟ್ಟಿ ಬಿಗಿ ಮಾಡ್ಕೊ.”

ಮೂರು ವರ್ಷದ ಹಿಂದೆ ಕುಂದಲಹಳ್ಳಿಯಲ್ಲಿ ಅವರ ತಮ್ಮ ಕೃಷ್ಣ ಒಂಬತ್ತನೆಯ ಮಹಡಿಯಿಂದ ಬಿದ್ದು ಸತ್ತ. ಚನ್ನಕ್ಕ ಕೆಳಗೆ ಬಣ್ಣ ಕಲೆಸುತ್ತಿದ್ದರು. “ಎರಡು ಹಗ್ಗಾನೂ ಗಟ್ಟಿಯಾಗೇ ಇದ್ವು ಸಾರ್. ಎರಡನ್ನೂ ಒಂದೇ ನೀರಿನ ಪೈಪಿಗೆ ಕಟ್ಟಿದ್ರು. ಪೈಪೇ ಕಿತ್ಕೊಂಡ್ ಬಂತು. ಗಂಟು ಅಂಗೇ ಇತ್ತು.” ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೆ ಹೇಳುವಾಗಲೂ ಅವರ ಕೈ ನಿಲ್ಲುವುದಿಲ್ಲ.

ಮುತ್ತುವಿನ ಹಗ್ಗದ ಮೇಲೆ ನಿಲ್ಲುತ್ತದೆ. ತುದಿಯಿಂದ ಎರಡು ಮಾರು ದೂರದಲ್ಲಿ ಎಳೆ ಸವೆದಿದೆ. ಅಷ್ಟನ್ನೂ ಚಾಕುವಿನಿಂದ ಕತ್ತರಿಸಿ ಎಸೆಯುತ್ತಾರೆ. ಉಳಿದ ಹಗ್ಗ, ಅದನ್ನು ಬೇರೆಯಾಗಿ ಕಟ್ಟಬೇಕಾದ ಆಚೆಯ ಕಂಬವನ್ನು ಮುಟ್ಟುವುದಿಲ್ಲ.

ಮೇಲ್ವಿಚಾರಕ ಮಲ್ಲಿಕ್ ಗಡಿಯಾರ ನೋಡುತ್ತಾನೆ. “ಇದೊಂದಿನ ಎರಡೂ ಈ ಕಂಬಕ್ಕ ಕಟ್ರಿ. ಕಾಂಕ್ರೀಟ್ ಅದ, ಏನಾಗ್ತದ?”

“ಪೈಪೂ ಕಬ್ಬಿಣದ್ದೇ ಆಗಿತ್ತು.”

“ಹೊಸಾ ಹಗ್ಗ ಬರೂದು ಹತ್ತಕ್ಕ. ಅಲ್ಲೀತನ ಕೆಲಸ ನಿಲ್ಸಿದ್ರ ನಾಳಿಂದ ನೀವು ಬರೂದ ಬ್ಯಾಡ.”

ಚನ್ನಕ್ಕ ಮುತ್ತುವಿನ ಹಲಗೆಯನ್ನೆಳೆದು ಅದರ ಮೇಲೆ ತಾವೇ ಕೂರುತ್ತಾರೆ. ಮುತ್ತು ಒಮ್ಮೆ ಮಲ್ಲಿಕ್‌ನನ್ನು, ಒಮ್ಮೆ ಅಂಚಿನಾಚೆಯ ಆಳವನ್ನು ನೋಡಿ, ಪಟ್ಟಿ ಸಡಿಲಿಸುತ್ತಾನೆ.

ಹತ್ತೂಕಾಲಿಗೆ ಹಗ್ಗ ಬರುತ್ತದೆ. ಎರಡು ಕಂಬಕ್ಕೆ ಎರಡು ಗಂಟು ಬೀಳುತ್ತವೆ, ಮುತ್ತು ಇಳಿಯುತ್ತಾನೆ. ಮಲ್ಲಿಕ್ ತನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ನಾಳೆ ಏನು ಮಾಡುವಿರೆಂದು ಕೇಳುತ್ತೇನೆ.

“ಬೇರೆ ಬಿಲ್ಡಿಂಗ್ ನೋಡ್ಬೇಕು ಸಾರ್. ಇಲ್ಲಿ ನನ್ ಬದ್ಲು ಯಾರು ಬಂದು ಕೂರ್ತಾರೋ, ಅವ್ರಿಗೆ ಎರಡು ಕಂಬ ತೋರ್ಸಿ ಓಗೋಕೆ ಬಿಟ್ರೆ ಸಾಕು.”

ಪುಸ್ತಕ, ಪೆನ್ನನ್ನು ಚೀಲಕ್ಕೆ ಸೇರಿಸಿ, ಕೆಳಗೆ ಚಹಾ ಕುಡಿಯೋಣ ಬನ್ನಿರೆಂದು ಕರೆಯುತ್ತೇನೆ. ಅವರು ಏಳುವುದಿಲ್ಲ. “ಅವನ ಕಾಲು ನೆಲ ಮುಟ್ಲಿ. ನೀವು ನಡೀರಿ ಸಾರ್.”

ಚೀಲವನ್ನು ಹೆಗಲಿಗೇರಿಸಿ ನಾನು ಮೆಟ್ಟಿಲಿಳಿಯುತ್ತೇನೆ; ಮನೆಗೆ ಹೆಬ್ಬಗೋಡಿಯ ಬಸ್ಸು ಹಿಡಿಯಬೇಕು.